ಹನ್ನೊಂದು ಸೆಕೆಂಡಿನ ಮೌನಕ್ಕೆ ಎಷ್ಟು ದುಡ್ಡು?

ಹಾಸನದಲ್ಲಿ ಥೀಸಿಸ್ ಟೈಪ್ ಮಾಡಿಸಲು ಯಾವ ಅಂಗಡಿ ಒಳ್ಳೆಯದು ಎಂದು ಈ ತಿಂಗಳು ಮೂರು ಜನ ಕೇಳಿದರು. ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಪೂರ್ತಿ ಕಥೆ ಇಲ್ಲಿದೆ. ಅಂಗಡಿಯ ಹೆಸರು ಹಾಕುವುದಿಲ್ಲ, ಏಕೆಂದರೆ ಬೈಯುವುದೂ ಇದೆ. ಬಿ.ಎಂ. ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆ. ಮೂರು ಕಂಪ್ಯೂಟರ್, ಎರಡು ಜೆರಾಕ್ಸ್ ಮೆಷಿನ್, ಪರದೆಯ ಹಿಂದೆ ಬೈಂಡಿಂಗ್. ಇಂಥವು ಊರಲ್ಲಿ ಹತ್ತಾರಿವೆ, ಅದರಲ್ಲಿ ಒಂದು ಅಂದುಕೊಳ್ಳಿ.

ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್‌ಡಿ ಶುರು ಮಾಡಿ ಆರು ವರ್ಷವಾಯಿತು. ದೇಶ ದೇಶಗಳ ಜಗಳದಲ್ಲಿ ಧಾರ್ಮಿಕ ಮುಖಂಡರು ಸಂಧಾನಕ್ಕೆ ಕೂತರೆ ಏನಾಗುತ್ತದೆ ಎನ್ನುವುದು ನನ್ನ ವಿಷಯ. ವಿಷಯ ಹೇಳಿದ ಕೂಡಲೇ ಎದುರಿನವರು ಸುಮ್ಮನಾಗುತ್ತಾರೆ. ಈ ಅಂಗಡಿಯವರು ಮಾತ್ರ ಸುಮ್ಮನಾಗಲಿಲ್ಲ. ಅವರಿಗೆ ಅರವತ್ತರ ಆಸುಪಾಸು. ಹಿಂದೆ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರಂತೆ. ಆಮೇಲೆ ವರ್ಷಗಟ್ಟಲೆ ಕೋರ್ಟಿನ ಅರ್ಜಿ, ಕ್ರಯಪತ್ರ ಟೈಪ್ ಮಾಡಿದವರು. ಟೈಪ್ ಮಾಡುವಾಗ ಓದುತ್ತಾರೆ. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಾನು ಎರಡು ಪ್ರಕರಣ ತೆಗೆದುಕೊಂಡಿದ್ದೆ. ಒಂದು ಬೀಗಲ್ ಕಾಲುವೆ. ದಕ್ಷಿಣ ಅಮೆರಿಕದ ತುದಿಯಲ್ಲಿ ಮೂರು ಪುಟ್ಟ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಚಿಲಿ 1978ರ ಡಿಸೆಂಬರ್‌ನಲ್ಲಿ ಇನ್ನೇನು ಯುದ್ಧಕ್ಕೆ ಇಳಿಯುವುದರಲ್ಲಿದ್ದವು. ಎರಡೂ ಕಥೋಲಿಕ ದೇಶಗಳು. ಪೋಪ್ ಎರಡನೇ ಜಾನ್ ಪಾಲ್ ಅವರು ಕಾರ್ಡಿನಲ್ ಸಮೊರೆ ಅವರನ್ನು ಕಳಿಸಿದರು. ಯುದ್ಧ ನಿಂತಿತು. ಮಾತುಕತೆ ಮಾತ್ರ ಎಳೆದು ಎಳೆದು 1984ರ ನವೆಂಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಸಹಿಯಾಯಿತು. ಅದನ್ನು ನೋಡಲು ಸಮೊರೆ ಇರಲಿಲ್ಲ, 1983ರಲ್ಲೇ ತೀರಿಕೊಂಡಿದ್ದರು. ಇನ್ನೊಂದು ಮೊಜಾಂಬಿಕ್. ಅಲ್ಲಿನ ಸರ್ಕಾರ ಮತ್ತು ಬಂಡುಕೋರರನ್ನು ಸಂತ್ ಎಜಿದಿಯೊ ಎಂಬ ಕಥೋಲಿಕ ಸಮುದಾಯ ರೋಮಿನಲ್ಲಿ ಎದುರುಬದುರು ಕೂರಿಸಿತು. 1992ರ ಅಕ್ಟೋಬರ್ 4ರಂದು ಶಾಂತಿ ಒಪ್ಪಂದವಾಯಿತು.

ಎರಡನೇ ಅಧ್ಯಾಯ ಟೈಪ್ ಮಾಡಿ ಮುಗಿಸಿದ ಮೇಲೆ ಅಂಗಡಿಯವರು ಕನ್ನಡಕ ಹಣೆಗೆ ಏರಿಸಿ ಕೇಳಿದರು:

"ಮೇಡಂ, ಆಗ್ಲಿಲ್ಲ ಅನ್ನೋದು ಯಾವ್ದೂ ಇಲ್ವಾ?"

"ಅಂದ್ರೆ?"

"ಎರಡೂ ರಾಜಿ ಆದವೇ ಹಾಕಿದ್ದೀರಿ. ಜಾತಕ ಹೇಳೋರೂ ಹಂಗೇ ಅಲ್ವಾ, ಫಲಿಸಿದ್ದು ಮಾತ್ರ ಹೇಳ್ತಾರೆ."

ನನ್ನ ಗೈಡ್ ಎರಡು ವರ್ಷದಿಂದ ಇದನ್ನೇ ಹೇಳುತ್ತಿದ್ದರು. ಅವರ ಭಾಷೆಯಲ್ಲಿ ಅದು 'ಪರಿಣಾಮ ನೋಡಿ ಪ್ರಕರಣ ಆರಿಸಿಕೊಳ್ಳುವ ದೋಷ'. ಗೆದ್ದವುಗಳನ್ನೇ ಆರಿಸಿಕೊಂಡರೆ ಗೆಲುವಿಗೆ ಏನು ಕಾರಣ ಎಂದು ಹೇಳಲು ಬರುವುದಿಲ್ಲ. ಗೈಡ್ ಹೇಳಿದಾಗ ತಲೆ ಆಡಿಸಿದ್ದೆ. ಜಾತಕ ಎಂದ ಕೂಡಲೇ ಚುರುಕ್ ಎಂದಿತು. ಆಮೇಲೆ ಅಲ್ಜೀರಿಯಾ ಸೇರಿಸಿದೆ. ಅದೇ ಸಂತ್ ಎಜಿದಿಯೊ, ಅದೇ ರೋಮ್. 1995ರ ಜನವರಿಯಲ್ಲಿ, ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಅಲ್ಜೀರಿಯಾದ ವಿರೋಧ ಪಕ್ಷಗಳು ಒಟ್ಟಾಗಿ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವು. ಸರ್ಕಾರ ಅದನ್ನು ತಳ್ಳಿಹಾಕಿತು, ರಕ್ತಪಾತ ಮುಂದುವರಿಯಿತು. ಮಧ್ಯಸ್ಥರು ಬದಲಾಗಲಿಲ್ಲ, ಫಲ ಬದಲಾಯಿತು. ಮೊಜಾಂಬಿಕ್‌ನಲ್ಲಿ ಸರ್ಕಾರವೇ ಮೇಜಿಗೆ ಬಂದಿತ್ತು, ಅಲ್ಜೀರಿಯಾದಲ್ಲಿ ಬರಲೇ ಇಲ್ಲ. ನನ್ನ ಥೀಸಿಸ್‌ನ ಅತಿ ಗಟ್ಟಿ ಅಧ್ಯಾಯ ಈಗ ಅದೇ. ಪುಟಕ್ಕೆ 25 ರೂಪಾಯಿ ಕೊಟ್ಟ ಜಾಗದಲ್ಲಿ ಸಿಕ್ಕ ಸಲಹೆ.

ಇನ್ನು ಕೆಟ್ಟದ್ದು. ಓದುವವರು ತಿದ್ದುತ್ತಾರೆ.

ನನ್ನ ಪೀಠಿಕೆ ಶುರುವಾಗುವುದು ಶ್ರವಣಬೆಳಗೊಳದಿಂದ. ಪಠ್ಯಪುಸ್ತಕಗಳು ಯುರೋಪಿನ ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಶುರು ಮಾಡುತ್ತವೆ. ಅದಕ್ಕೆ 280 ವರ್ಷ ಮೊದಲು, 1368ರಲ್ಲಿ, ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲೆ ಬರೆಸಿದ ಒಂದು ಧಾರ್ಮಿಕ ರಾಜಿ ಇದೆಯಲ್ಲ, ಅದನ್ನು ಹೇಗೆ ಬಿಡಲಿ? ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಟ್ಟರು. ರಾಜ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರನ್ನೆಲ್ಲ ಸಾಕ್ಷಿಗೆ ಇಟ್ಟುಕೊಂಡು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ ಮತ್ತು ಕಳಶ ಜೈನರಿಗೂ ಸಲ್ಲುತ್ತದೆ ಎಂದ. ಇಷ್ಟಕ್ಕೇ ನಿಲ್ಲಿಸದೆ ಜಾರಿಗೆ ದಾರಿಯನ್ನೂ ಬರೆಸಿದ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳು ನೇಮಿಸಬೇಕು, ಮಿಕ್ಕ ದುಡ್ಡಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಆ ಕಾವಲಿನ ಹೊಣೆ ಯಾರ ಮೇಲೆ? ತಿರುಮಲೆಯ ತಾತಯ್ಯನ ಮೇಲೆ, ಅಂದರೆ ಎದುರು ಪಕ್ಷದವರ ಮೇಲೆ. ಈ ಏರ್ಪಾಟು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಮೆಚ್ಚುಗೆಯಿಂದ.

ಆ ಶಾಸನ 'ಜೈನ ದರ್ಶನ', 'ವೈಷ್ಣವ ದರ್ಶನ' ಎನ್ನುತ್ತದೆ. ಅಂಗಡಿಯಿಂದ ಬಂದ ಪ್ರತಿಯಲ್ಲಿ ಎಲ್ಲ ಕಡೆ 'ಜೈನ ಧರ್ಮ', 'ವೈಷ್ಣವ ಧರ್ಮ' ಆಗಿತ್ತು. "ದರ್ಶನ ಅಂದ್ರೆ ದೇವರ ದರ್ಶನ ಅಂದ್ಕೋತಾರೆ ಮೇಡಂ, ಅದಕ್ಕೆ ಸರಿ ಮಾಡ್ದೆ" ಎಂದರು. ನಮ್ಮ ಕ್ಷೇತ್ರದ ದೊಡ್ಡ ಜಗಳವೇ ಅದು ಎಂದು ಅವರಿಗೆ ಹೇಗೆ ಹೇಳುವುದು? ಈಗ ನಾವು ಧರ್ಮ ಎನ್ನುವ ಡಬ್ಬಿಯನ್ನು ಅವತ್ತಿನವರ ತಲೆಯ ಮೇಲೆ ಕವುಚಿ ಹಾಕಬಾರದು, ಅವರು ಏನೆಂದು ಕರೆದುಕೊಂಡರೋ ಅದರಿಂದಲೇ ಶುರು ಮಾಡಬೇಕು. ನಲವತ್ತು ಪುಟ ಮತ್ತೆ ತಿದ್ದಿಸಿದೆ. ಅಷ್ಟರಲ್ಲಿ 'ನುಡಿ' ತಂತ್ರಾಂಶದ ಹಳೆ ಫಾಂಟಿನಲ್ಲಿದ್ದ ಫೈಲನ್ನು ಯೂನಿಕೋಡ್‌ಗೆ ಬದಲಿಸಿದರು. ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟು ಓಡಿದವು. 'ಕರ್ನಾಟಕ' ಹೋಗಿ 'ಕನಾರ್ಟಕ' ಆಯಿತು, ಉಳಿದಿದ್ದ 'ಧರ್ಮ'ವೆಲ್ಲ 'ಧಮರ್' ಆಯಿತು. ಧರ್ಮದ ಮೇಲಿನ ಥೀಸಿಸ್‌ನಲ್ಲಿ ಧಮರ್! ದಯವಿಟ್ಟು ಮೊದಲ ದಿನವೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಎಂದು ಹೇಳಿಬಿಡಿ.

ನಿಜವಾಗಿ ಸಿಟ್ಟು ಬಂದದ್ದು ಸಂದರ್ಶನಗಳ ವಿಷಯಕ್ಕೆ. ಹಳೆ ರಾಜಿಗಳ ನೆನಪು ಊರುಗಳಲ್ಲಿ ಹೇಗೆ ಉಳಿದಿದೆ ಎಂದು ನೋಡಲು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ 14 ಜನರನ್ನು ಮಾತಾಡಿಸಿದ್ದೆ. ಆಡಿಯೋ ಕೇಳಿ ಟೈಪ್ ಮಾಡಿಕೊಡಲು ಗಂಟೆಗೆ 600 ರೂಪಾಯಿ. ಏಳನೇ ಸಂದರ್ಶನ ಎಂಬತ್ತು ದಾಟಿದ ಒಬ್ಬ ಅಜ್ಜನದು. ಕೊಟ್ಟಿಗೆಯ ಜಗಲಿ ಮೇಲೆ ಕೂತಿದ್ದರು. ನಿಮ್ಮ ಚಿಕ್ಕಂದಿನಲ್ಲಿ ಉತ್ಸವ ಹೋಗುವ ದಾರಿಗೆ ಜಗಳ ಇತ್ತಾ ಅಜ್ಜ ಎಂದು ಕೇಳಿದೆ. ಅಂಗಡಿಯಿಂದ ಬಂದ ಹಾಳೆಯಲ್ಲಿ ಉತ್ತರ ಒಂದೇ ಸಾಲು: "ಯಾವುದೇ ಜಗಳ ಇರಲಿಲ್ಲ."

ನನಗೆ ನೆನಪಿದ್ದದ್ದು ಹಾಗಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಜ್ಜ "ಜಗಳ..." ಎಂದು ನಿಲ್ಲಿಸುತ್ತಾರೆ. ಕರು ಒಂದು ಸಲ ಕೂಗುತ್ತದೆ. ಒಳಗೆಲ್ಲೋ ಪಾತ್ರೆಯ ಸದ್ದು. ಹನ್ನೊಂದು ಸೆಕೆಂಡ್ ಆದಮೇಲೆ "ಜಗಳ ಅಂತ ಏನಿಲ್ಲ ಕಣವ್ವ" ಎನ್ನುತ್ತಾರೆ. 'ಜಗಳ ಇರಲಿಲ್ಲ' ಬೇರೆ, 'ಜಗಳ ಅಂತ ಏನಿಲ್ಲ' ಬೇರೆ. ಕನ್ನಡ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹನ್ನೊಂದು ಸೆಕೆಂಡಿಗಾಗಿಯೇ ನಾನು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದದ್ದು.

ಮಾರನೇ ದಿನ ಅಂಗಡಿಗೆ ಹೋಗಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಂಗಡಿಯವರದು ಅರ್ಜಿ ಟೈಪ್ ಮಾಡಿದ ಕೈ. "ಹಾಂ, ಹೂಂ ಎಲ್ಲಾ ತೆಗೆದು ನೀಟಾಗಿ ಕೊಡೋದೇ ನಮ್ ಕೆಲಸ ಅಲ್ವಾ ಮೇಡಂ?" ಅವರ ಮಾತೂ ಸುಳ್ಳಲ್ಲ, ನಾನು ಮೊದಲೇ ಬರೆದು ಕೊಡಬೇಕಿತ್ತು. ಆಡಿಯೋ ಟೈಪ್ ಮಾಡಿದ್ದು ಆಲೂರಿನ ಕಡೆಯ ಒಬ್ಬ ಹುಡುಗಿ. ಅವಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಗೇಲ್ ಜೆಫರ್ಸನ್ ಎಂಬಾಕೆ ಮಾತುಕತೆ ಬರೆದುಕೊಳ್ಳಲು ರೂಪಿಸಿದ ಗುರುತುಗಳಿವೆ. ಮೌನವಾದರೆ ಆವರಣದೊಳಗೆ ಎಷ್ಟು ಸೆಕೆಂಡ್ ಎಂದು ಹಾಕಬೇಕು. ದನಿ ಎಳೆದರೆ ಒಂದರ ಮೇಲೊಂದು ಎರಡು ಚುಕ್ಕಿ. ನಾಲ್ಕೈದು ಗುರುತು ಕಲಿಸಿದೆ.

"ಅಕ್ಕ, ಸುಮ್ನಿದ್ದಿದ್ದಕ್ಕೂ ದುಡ್ಡು ಕೊಡ್ತೀರಾ?" ಎಂದು ಕೇಳಿದಳು.

ಕೊಡುತ್ತೇನೆ ಎಂದೆ. ಗಂಟೆಗೆ 200 ರೂಪಾಯಿ ಜಾಸ್ತಿ ಎಂದು ಅಂಗಡಿಯವರು ತಕ್ಷಣ ಹೇಳಿದರು. ವ್ಯಾಪಾರ ಗೊತ್ತಿರುವವರು.

ಕರೆಂಟ್ ಹೋಗಿ ಯುಪಿಎಸ್ ಕೀಂಯ್‌ಗುಟ್ಟುತ್ತಿದ್ದಾಗ ಅವಳಿಗೆ ಎರಡು ಕಥೆ ಹೇಳಿದೆ. ಬರೆದುಕೊಳ್ಳುವವರ ಕೈಯಲ್ಲಿ ಎಷ್ಟಿರುತ್ತದೆ ಎಂದು ಗೊತ್ತಾಗಲಿ ಅಂತ. ಒಂದು ನ್ಯೂಜಿಲೆಂಡಿನದು. 1840ರ ಫೆಬ್ರವರಿ 4ರ ರಾತ್ರಿ ಹೆನ್ರಿ ವಿಲಿಯಮ್ಸ್ ಎಂಬ ಮಿಷನರಿ ತನ್ನ ಮಗನ ಜೊತೆ ಕೂತು ಬ್ರಿಟಿಷರ ಒಪ್ಪಂದವನ್ನು ಮಾವೊರಿ ಭಾಷೆಗೆ ತಂದರು. ಇಂಗ್ಲಿಷ್‌ನಲ್ಲಿ ಸಾರ್ವಭೌಮತ್ವವನ್ನೇ ಬಿಟ್ಟುಕೊಡುವ ಮಾತು. ಮಾವೊರಿಯಲ್ಲಿ ಬಂದದ್ದು 'ಕಾವನತಂಗ'. ಗವರ್ನರ್ ಎಂಬ ಪದವನ್ನೇ ಆ ಬಾಯಿಗೆ ಹೊಂದಿಸಿ ಮಾಡಿದ ಪದ, ಆಡಳಿತ ಎಂಬಷ್ಟೇ ಅರ್ಥ. 6ನೇ ತಾರೀಕು ವೈಟಾಂಗಿಯಲ್ಲಿ ಸಹಿ ಬಿತ್ತು. ಕೊಟ್ಟದ್ದು ಏನು, ಪಡೆದದ್ದು ಏನು ಎಂಬ ವಾದ ಇನ್ನೂ ನಡೆಯುತ್ತಿದೆ. ಇನ್ನೊಂದು 1967ರ ನವೆಂಬರ್ 22ರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ. ಆ ವರ್ಷದ ಯುದ್ಧದಲ್ಲಿ ಹಿಡಿದ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕು ಎನ್ನುತ್ತದೆ. ಇಂಗ್ಲಿಷ್ ಪ್ರತಿಯಲ್ಲಿ 'ಪ್ರದೇಶಗಳು' ಎಂಬುದಕ್ಕೆ ಮುಂಚೆ 'ದಿ' (the) ಇಲ್ಲ. ಫ್ರೆಂಚ್ ಪ್ರತಿಯನ್ನು ಇದೆ ಎಂಬಂತೆ ಓದಬಹುದು. ಎಲ್ಲ ಪ್ರದೇಶಗಳೋ, ಕೆಲವೋ? ಅರ್ಧ ಶತಮಾನ ದಾಟಿದರೂ ಜಗಳ ಮುಗಿದಿಲ್ಲ.

"ನಮ್ಮಲ್ಲಿ ಈ 'ದಿ' ಇಲ್ಲ ಬಿಡಿ ಅಕ್ಕ, ಬಚಾವಾದ್ವಿ" ಎಂದಳು. ಕರೆಂಟ್ ಬಂತು.

ಬೈಂಡಿಂಗ್ ಚೆನ್ನಾಗಿದೆ. ರೆಕ್ಸಿನ್ ಮೇಲಿನ ಚಿನ್ನದ ಅಕ್ಷರ ಉಗುರಲ್ಲಿ ಕೆರೆದರೂ ಏಳಲಿಲ್ಲ. ಐದು ಪ್ರತಿಗೆ ಎರಡು ದಿನ ಬೇಕು ಎಂದರು, ಎರಡೇ ದಿನಕ್ಕೆ ಕೊಟ್ಟರು. ಹಾಸನಾಂಬ ಗುಡಿಯ ಬಾಗಿಲು ತೆಗೆದಿರುವ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ. ಊರಿನೊಳಗೆ ಗಾಡಿ ನುಗ್ಗುವುದಿಲ್ಲ, ಅಂಗಡಿಯವರೂ ದೇವಿಯ ದರ್ಶನಕ್ಕಾಗಿ ಓಡಾಡುತ್ತಿರುತ್ತಾರೆ.

ಒಂದು ದೂರು ಇನ್ನೂ ಬಾಕಿ ಇದೆ. ಒಂದು ದಿನ ಹೋದಾಗ ನನ್ನ ಸಂದರ್ಶನಗಳ ಫೋಲ್ಡರ್ ಡೆಸ್ಕ್‌ಟಾಪ್ ಮೇಲೆ ರಾಜಾರೋಷವಾಗಿ ಕೂತಿತ್ತು. ಒಂದು ಪಕ್ಕ ಯಾರದೋ ಮದುವೆ ಕಾರ್ಡು, ಇನ್ನೊಂದು ಪಕ್ಕ ಯಾರದೋ ಆಧಾರ್. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು 14 ಜನಕ್ಕೂ ಮಾತು ಕೊಟ್ಟು ಬಂದವಳು ನಾನು. ಫೈಲಿನ ಹೆಸರಲ್ಲಿ ಊರು, ಮನೆತನ ಎಲ್ಲ ಇತ್ತು. ತಪ್ಪು ನನ್ನದೂ ಇದೆ, ಕೊಡುವ ಮೊದಲೇ ನಂಬರ್ ಹಾಕಿ ಕೊಡಬೇಕಿತ್ತು. ಎದುರಿಗೇ ಅಳಿಸಿಸಿದೆ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿದೆ. ಈಗ ಪೆನ್‌ಡ್ರೈವ್ ನಾನೇ ಒಯ್ಯುತ್ತೇನೆ, ನಾನೇ ತರುತ್ತೇನೆ. ಕೆಲಸಕ್ಕೆ ನಾಲ್ಕೂವರೆ ನಕ್ಷತ್ರ, ಗುಟ್ಟು ಕಾಯುವುದಕ್ಕೆ ಎರಡು. ಕೂಡಿ ಭಾಗಿಸುವುದು ಬೇಡ, ನಿಮ್ಮ ಕೆಲಸ ಯಾವುದೋ ಅದನ್ನು ನೋಡಿಕೊಳ್ಳಿ.

ಕಳೆದ ವಾರ ಏಳನೇ ಸಂದರ್ಶನದ ಹೊಸ ಪ್ರತಿ ಬಂತು. ಕರುವಿನ ಕೂಗು, (11), ಎಲ್ಲ ಇದೆ. ಮೂರನೇ ಪುಟದಲ್ಲಿ ಆ ಹುಡುಗಿ ನಾನು ಕಲಿಸದೇ ಇದ್ದ ಒಂದು ಸಾಲು ಸೇರಿಸಿದ್ದಾಳೆ: (ಯಾರೋ ಬಂದ ಹಾಗೆ ಚಪ್ಪಲಿ ಸದ್ದು. ಇಲ್ಲಿಂದ ಅಜ್ಜನ ದನಿ ತಗ್ಗುತ್ತದೆ.) ನಾನು ಅಲ್ಲೇ ಕೂತಿದ್ದವಳು, ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ. ಮತ್ತೆ ಹೆಡ್‌ಫೋನ್ ಹಾಕಿ ಕೇಳಿದೆ. ಚಪ್ಪಲಿ ಸದ್ದು ಇದೆ. ಭಾನುವಾರ ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸು ಹತ್ತುತ್ತಿದ್ದೇನೆ, ಅವತ್ತು ಬಂದದ್ದು ಯಾರು ಅಜ್ಜ ಎಂದು ಕೇಳಲು.