ಹಳೆ ಪೋಸ್ಟ್‌ಕಾರ್ಡ್ ಕೊಳ್ಳುವವರೇ, ಹಿಂಬದಿ ನೋಡದೆ ದುಡ್ಡು ಕೊಡಬೇಡಿ

ಬೆಟ್ಟದ ಮೇಲಿನ ಕೋಟೆ, ಅರಮನೆಗಳ ಹಳೆ ಪೋಸ್ಟ್‌ಕಾರ್ಡ್ ಕೂಡಿಸುವ ಹವ್ಯಾಸ ನಿಮಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಜರ್ಮನಿಯ ಬವೇರಿಯಾ ಪ್ರಾಂತ್ಯದ ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಕಾರ್ಡ್‌ಗಳೆಂದರೆ ನನಗೆ ಪ್ರಾಣ. ಅದನ್ನು ಕಟ್ಟಿಸಿದ ದೊರೆ ಎರಡನೇ ಲುಡ್ವಿಗ್ 1886ರ ಜೂನ್‌ನಲ್ಲಿ ತೀರಿಕೊಂಡ. ಆಗಸ್ಟ್‌ಗೆಲ್ಲ ಅರಮನೆ ಜನರಿಗೆ ತೆರೆಯಿತು. ಹಾಗೆ ನೋಡಲು ಬಂದವರು ಊರಿಗೆ ಕಳಿಸುತ್ತಿದ್ದ ಕಾರ್ಡ್‌ಗಳು ಇವು. ಆನ್‌ಲೈನ್‌ನಲ್ಲಿ ಒಬ್ಬ ವ್ಯಾಪಾರಿ "1898ರ ಅಸಲಿ ಕಾರ್ಡ್‌ಗಳು" ಎಂದು ಒಂದು ಕಟ್ಟು ಮಾರಿದ. ಜಾಹೀರಾತಿನಲ್ಲಿ ಚಿತ್ರದ ಬದಿ ಮಾತ್ರ ಇತ್ತು. ಕಟ್ಟು ಕೈಗೆ ಬಂದ ಮೇಲೆ ನೋಡಿದರೆ ಅಷ್ಟೂ ನಕಲಿ.

ಗೊತ್ತಾದದ್ದು ಹೀಗೆ. ಹಿಂಬದಿಯಲ್ಲಿ ನಡುಗೆರೆ ಎಳೆದು ಎಡಕ್ಕೆ ಒಕ್ಕಣೆಗೆ, ಬಲಕ್ಕೆ ವಿಳಾಸಕ್ಕೆ ಜಾಗ ಬಿಟ್ಟಿತ್ತು. ಜರ್ಮನಿಯಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದೇ 1905ರಲ್ಲಿ. ಅದಕ್ಕೆ ಮುಂಚೆ ಹಿಂಬದಿ ಪೂರ್ತಿ ವಿಳಾಸಕ್ಕೆ ಮೀಸಲು, ಹೇಳಬೇಕಾದ್ದನ್ನೆಲ್ಲ ಚಿತ್ರದ ಸುತ್ತಲಿನ ಖಾಲಿ ಜಾಗದಲ್ಲೇ ತುರುಕಬೇಕಿತ್ತು. ಆ ಇಕ್ಕಟ್ಟಿನ ಕೈಬರಹವೇ ಅಸಲಿ ಕಾರ್ಡ್‌ಗಳ ಚೆಲುವು.

ಒಂದು ಕಾರ್ಡಿಗೆ ಅಂಚೆಚೀಟಿಯನ್ನೂ ಅಂಟಿಸಿದ್ದರು. ಅದು ಜರ್ಮನ್ ಸಾಮ್ರಾಜ್ಯದ 'ಜರ್ಮಾನಿಯಾ' ಚೀಟಿ, ಮೊದಲು ಬಂದದ್ದು 1900ರಲ್ಲಿ. ಅದೂ ಹೋಗಲಿ ಎಂದರೆ, ಬವೇರಿಯಾ 1920ರವರೆಗೆ ತನ್ನದೇ ಅಂಚೆಚೀಟಿ ಬಳಸುತ್ತಿತ್ತು! ಅಂಚೆ ಮುದ್ರೆಯ ಗೆರೆಗಳೂ ಚೀಟಿಯ ಅಂಚಿಗೇ ನಿಂತಿದ್ದವು, ಕಾರ್ಡಿನ ಮೇಲೆ ಮುಂದುವರಿದಿರಲಿಲ್ಲ. ಬೇರೆಲ್ಲಿಂದಲೋ ಕಿತ್ತು ತಂದ ಚೀಟಿ ಅದು.

ಭೂತಗನ್ನಡಿ ಹಿಡಿದಾಗ ಈಗಿನ ಆಫ್‌ಸೆಟ್ ಮುದ್ರಣದ ಸಾಲುಸಾಲು ಬಣ್ಣದ ಚುಕ್ಕಿಗಳು ಕಂಡವು. ಆ ಕಾಲದ ಬಣ್ಣದ ಕಲ್ಲಚ್ಚಿನಲ್ಲಿ ಚುಕ್ಕಿಗಳು ಹೀಗೆ ಅಳೆದಿಟ್ಟಂತೆ ಇರುವುದಿಲ್ಲ. ಕತ್ತಲೆಯಲ್ಲಿ ಯು.ವಿ. (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟರೆ ಕಾಗದ ನೀಲಿಯಾಗಿ ಹೊಳೆಯಿತು. ಕಾಗದಕ್ಕೆ ಆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು 20ನೇ ಶತಮಾನದ ನಡುವಿನ ಹೊತ್ತಿಗೆ. ಅಂಚು ಹಳದಿಯಾಗಿದೆ, ಮೂಲೆ ಸವೆದಿದೆ ಎಂದು ಮಾತ್ರ ನಂಬಬೇಡಿ. ಅದನ್ನು ಯಾರು ಬೇಕಾದರೂ ಮಾಡಬಹುದು.

ಮರುಮುದ್ರಣ ಮಾರುವುದು ತಪ್ಪಲ್ಲ, ಹಾಗೆಂದು ಹೇಳಿ ಮಾರಲಿ. ಸುಳ್ಳು ಇಸವಿ ಹಾಕಿದರೆ ನಮ್ಮ ದುಡ್ಡಷ್ಟೇ ಹೋಗುವುದಿಲ್ಲ. ಜನ ಯಾವಾಗ ಬೆಟ್ಟ ಹತ್ತಲು ಶುರುಮಾಡಿದರು, ಯಾವ ದಾರಿಯಲ್ಲಿ ಹೋದರು ಎಂದು ಈ ಕಾರ್ಡ್‌ಗಳಿಂದಲೇ ತಿಳಿಯುವವರ ಲೆಕ್ಕವೂ ಕೆಡುತ್ತದೆ. ಇದು ನನಗೆ ನಿಜಕ್ಕೂ ಸಂಕಟ ತಂದಿದೆ.

ಫೋಟೋ ಸಮೇತ ವ್ಯಾಪಾರಿಗೆ ಬರೆದೆ. ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟ. ಈಗ ಅವನ ಬಳಿ ಸ್ವಿಟ್ಜರ್ಲೆಂಡಿನ ರೀಗಿ ಬೆಟ್ಟದ ಹಲ್ಲುಗಾಲಿ ರೈಲಿನ ಕಾರ್ಡ್‌ಗಳೂ ಮಾರಾಟಕ್ಕಿವೆ. ಅಲ್ಲಿ ರೈಲು 1871ರಿಂದಲೇ ಓಡುತ್ತಿರುವುದರಿಂದ ಹಳೆ ಇಸವಿ ಹಾಕಿದರೂ ಯಾರಿಗೂ ಅನುಮಾನ ಬಾರದು. ಯಾರ ಬಳಿ ಕೊಂಡರೂ ಮೊದಲು ಹಿಂಬದಿಯ ಫೋಟೋ ಕೇಳಿ, ಚೀಟಿ ಮತ್ತು ಮುದ್ರೆಯನ್ನು ಹತ್ತಿರದಿಂದ ತೆಗೆದು ಕಳಿಸಲು ಹೇಳಿ. ಕಳಿಸದಿದ್ದರೆ ಆ ಕಾರ್ಡ್ ಬಿಟ್ಟುಬಿಡಿ.