ದಾಯಾದಿಗಳನ್ನು ನಂಬಿ ಅರಿಮಿನಮ್ ಖಾಲಿ ಬಿಡಬೇಡಿ

ರೋಮ್: ಟೋಟಲ್ ವಾರ್ ಎಂಬ ಕಂಪ್ಯೂಟರ್ ಯುದ್ಧದಾಟ ಆಡುತ್ತಿರುವವರು, ಅದರಲ್ಲೂ ಮೊದಲ ಸಲ ಜೂಲಿ ಮನೆತನ ಆರಿಸಿಕೊಂಡವರು, ದಯವಿಟ್ಟು ಇದನ್ನು ಓದಿ. ಮೂರು ವಾರ ರಾತ್ರಿ ನಿದ್ದೆಗೆಟ್ಟು ಕಟ್ಟಿದ ರಾಜ್ಯ ನನ್ನ ಕೈಯಿಂದ ಎಂಟೇ ಟರ್ನ್‌ಗಳಲ್ಲಿ ಜಾರಿ ಹೋಯಿತು. ಕಿತ್ತುಕೊಂಡವರು ನಮ್ಮವರೇ ಎಂದು ನಾನು ನಂಬಿದ್ದ ಬ್ರೂಟಿ ಮತ್ತು ಸ್ಕಿಪಿ ಮನೆತನದವರು.

2004ರ ಆಟ ಇದು. ಈಗ ಫೋನಿನಲ್ಲೂ ಸಿಗುತ್ತದೆ, ಹಾಗಾಗಿ ಇವತ್ತಿಗೂ ಹೊಸಬರು ಕೈಹಾಕುತ್ತಾರೆ. ಕ್ರಿ.ಪೂ. 270ರಲ್ಲಿ ಆಟ ಶುರು. ಇಟಲಿಯ ಊರುಗಳು ಹೀಗೆ ಹಂಚಿರುತ್ತವೆ: ಕೆಂಪು ಬಣ್ಣದ ಜೂಲಿಗಳಿಗೆ ಅರೇಟಿಯಮ್ ಮತ್ತು ಅರಿಮಿನಮ್, ಹಸಿರಿನ ಬ್ರೂಟಿಗಳಿಗೆ ಟರೆಂಟಮ್ ಮತ್ತು ಕ್ರೋಟನ್, ನೀಲಿಯ ಸ್ಕಿಪಿಗಳಿಗೆ ಕಾಪುವಾ ಮತ್ತು ಮೆಸಾನಾ. ನಡುವೆ ರೋಮ್ ನಗರವೊಂದನ್ನೇ ಇಟ್ಟುಕೊಂಡು ಸೆನೆಟ್, ಅಂದರೆ ರೋಮಿನ ಆಡಳಿತ ಸಭೆ, ಕೂತಿರುತ್ತದೆ. ನಾಲ್ವರೂ ಮೊದಲ ದಿನದಿಂದಲೇ ಮಿತ್ರರು.

ಆ ಮೈತ್ರಿಯನ್ನು ನಾವು ಮಾತಾಡಿ ಗಳಿಸಿದ್ದಲ್ಲ. ಹಾಗಾಗಿ ಮಾತಾಡಿ ಉಳಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಇದು ನನಗೆ ತಡವಾಗಿ ಅರ್ಥವಾಯಿತು.

ನಾನು ಮಾಡಿದ್ದು ಹೀಗೆ. ಸೆನೆಟ್ ಹೇಳಿದ ಕೆಲಸಗಳನ್ನೆಲ್ಲ ಮಾಡುತ್ತಾ ಉತ್ತರಕ್ಕೆ ಹೊರಟೆ. ಮೊದಲು ಸೆಗೆಸ್ಟಾ, ಆಮೇಲೆ ಮೆಡಿಯೊಲಾನಮ್, ಪಟಾವಿಯಮ್, ಮುಂದೆ ಇಡೀ ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆಯ ನಾಡು. ದಕ್ಷಿಣದಲ್ಲಿ ನಮ್ಮವರೇ ಇದ್ದಾರೆ, ಅಲ್ಲಿ ಕಾವಲು ಯಾಕೆ ಎಂದು ಅರೇಟಿಯಮ್‌ನಲ್ಲಿ ಎರಡು ತುಕಡಿ, ಅರಿಮಿನಮ್‌ನಲ್ಲಿ ಒಂದೇ ಒಂದು ತುಕಡಿ ಬಿಟ್ಟೆ. ಉಳಿದ ಸೈನ್ಯವೆಲ್ಲ ಆಲ್ಪ್ಸ್ ದಾಟಿ ಆಚೆ. ಬ್ರೂಟಿಗಳು ಗ್ರೀಸ್‌ನಲ್ಲಿ ಊರಿನ ಮೇಲೆ ಊರು ಹಿಡಿಯುತ್ತಿದ್ದರು. ಅವರ ಜೊತೆ ಸಂಬಂಧ ಚೆನ್ನಾಗಿರಲಿ ಎಂದು ಟರೆಂಟಮ್‌ಗೆ ರಾಯಭಾರಿ ಕಳಿಸಿದೆ. ನನ್ನ ನಕ್ಷೆ ಕೊಟ್ಟೆ. ಎರಡು ಸಲ ಐದೈದು ಸಾವಿರ ದಿನಾರಿ (ಆಟದ ನಾಣ್ಯ) ಸುಮ್ನೆ ಉಡುಗೊರೆಯಾಗಿ ಕೊಟ್ಟೆ. ಆ ದುಡ್ಡಿನಲ್ಲಿ ನನ್ನ ಅರಿಮಿನಮ್‌ಗೆ ಒಳ್ಳೆಯ ಗೋಡೆ ಕಟ್ಟಿಸಬಹುದಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಗಮನ ಕೊಡಬೇಕಾದ್ದು ಎರಡು ಅಳತೆಗಳ ಮೇಲೆ. ಒಂದು ಸೆನೆಟ್ ನಿಮ್ಮ ಮೇಲೆ ಇಟ್ಟಿರುವ ಒಲವು, ಇನ್ನೊಂದು ಜನರ ಒಲವು. ಊರು ಗೆದ್ದ ಹಾಗೆಲ್ಲ ಜನರ ಒಲವು ಏರುತ್ತದೆ. ನೀವು ತೀರಾ ಬೆಳೆದಿರಿ ಅಂದರೆ ಸೆನೆಟ್‌ಗೆ ಭಯ ಶುರುವಾಗುತ್ತದೆ, ಅದರ ಒಲವು ಇಳಿಯುತ್ತಾ ಹೋಗುತ್ತದೆ. ನಮ್ಮ ಮನೆತನದವರಿಗೆ ಸೆನೆಟ್ ಕೊಡುವ ದೊಡ್ಡ ಹುದ್ದೆಯಾದ ಕಾನ್ಸಲ್ ಪದವಿ ಸಿಗುವುದು ನಿಂತಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಗಾಲ್ ಗೆಲ್ಲುವ ಖುಷಿಯಲ್ಲಿ ಆ ಪದವಿಗಳ ಪಟ್ಟಿ ತೆರೆದೇ ನೋಡಿರಲಿಲ್ಲ.

ಒಂದು ರಾತ್ರಿ ಓಲೆ ಬಂತು. ನಿಮ್ಮ ಮನೆಯ ಹಿರಿಯ ಪ್ರಾಣ ಕಳೆದುಕೊಳ್ಳಬೇಕು, ಇದು ಸೆನೆಟ್‌ನ ಅಪ್ಪಣೆ. ನನ್ನ ಹಿರಿಯನಿಗೆ ಅರವತ್ತೆರಡು ವರ್ಷ. ಹದಿನೆಂಟು ವರ್ಷದವನಿದ್ದಾಗಿಂದ ಅವನನ್ನು ಯುದ್ಧದಿಂದ ಯುದ್ಧಕ್ಕೆ ಬೆಳೆಸಿದ್ದೆ. ಯೋಚನೆಯೇ ಮಾಡದೆ 'ಆಗಲ್ಲ' ಎಂದು ಒತ್ತಿದೆ.

ಆ ಕ್ಷಣಕ್ಕೆ ನಾನು ರೋಮಿನ ದ್ರೋಹಿ. ಸೆನೆಟ್, ಬ್ರೂಟಿ, ಸ್ಕಿಪಿ ಮೂವರೂ ಒಟ್ಟಿಗೆ ಶತ್ರುಗಳಾದರು. ಮುಂದಿನ ಟರ್ನ್‌ಗೆ ಅರಿಮಿನಮ್ ಗೋಡೆ ಪಕ್ಕದಲ್ಲಿ ಹಸಿರು ಬಾವುಟದ ಎರಡು ದೊಡ್ಡ ಸೈನ್ಯ ನಿಂತಿದ್ದವು. ಎಷ್ಟೋ ವರ್ಷದಿಂದ ಅಲ್ಲೇ ಓಡಾಡಿಕೊಂಡಿದ್ದ ಸೈನ್ಯಗಳೇ ಅವು, ಮಿತ್ರರು ಎಂದು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಸ್ಕಿಪಿಗಳ ಹಡಗುಗಳು ಬಂದರುಗಳನ್ನು ಮುಚ್ಚಿದವು. ಇಟಲಿಯೊಳಗಿನ ವ್ಯಾಪಾರ ಅಷ್ಟೂ ಒಂದೇ ಏಟಿಗೆ ನಿಂತಿತು. ಆದಾಯ ಅರ್ಧಕ್ಕಿಂತ ಕೆಳಗೆ ಬಿತ್ತು, ಸೈನಿಕರ ಸಂಬಳ ಮಾತ್ರ ಹಾಗೇ ಇತ್ತು. ಟರೆಂಟಮ್ ಬಾಗಿಲಲ್ಲೇ ಇದ್ದ ರಾಯಭಾರಿಯಿಂದ ಕದನವಿರಾಮ ಕೇಳಿಸಿದೆ. ದುಡ್ಡು ಸೇರಿಸಿ ಕೇಳಿದೆ. ಒಂದು ಊರನ್ನೇ ಬಿಟ್ಟುಕೊಡುತ್ತೇನೆ ಎಂದೆ. ಒಪ್ಪಲಿಲ್ಲ. ನಾನು ಕೊಟ್ಟ ಹತ್ತು ಸಾವಿರ ದಿನಾರಿಗೆ ಅಲ್ಲಿ ಯಾವ ಬೆಲೆಯೂ ಇರಲಿಲ್ಲ.

ಗಾಲ್‌ನಿಂದ ನನ್ನ ಸೈನ್ಯ ಆಲ್ಪ್ಸ್ ಇಳಿದು ಬರುವ ಹೊತ್ತಿಗೆ ಎರಡೂ ಊರು ಹೋಗಿದ್ದವು. ಜೊತೆಗೆ ಎದುರಿಗಿದ್ದವರೂ ನಮ್ಮ ಹಾಗೇ ರೋಮಿನ ಕಾಲಾಳುಗಳಾದ ಹಸ್ತಾತಿ, ಪ್ರಿನ್ಸಿಪೆಸ್‌ಗಳೇ. ಗಾಲ್‌ಗಳನ್ನು ಸೋಲಿಸಿದ ಹಾಗೆ ಇವರನ್ನು ಸೋಲಿಸಲು ಆಗುವುದಿಲ್ಲ, ಪ್ರತಿ ಗೆಲುವಿಗೂ ಅರ್ಧ ಸೈನ್ಯ ಕೊಡಬೇಕಾಗುತ್ತದೆ.

ನಿಜವಾದ ರೋಮಿನಲ್ಲೂ ಇಂಥದ್ದು ನಡೆದಿದೆ. ರೋಮಿನ ಸೇನಾಪತಿಗಳಾದ ಸೀಸರ್ ಮತ್ತು ಪಾಂಪೆ ಬರೀ ಮಿತ್ರರಲ್ಲ, ಸೀಸರನ ಮಗಳು ಜೂಲಿಯಾ ಪಾಂಪೆಯ ಹೆಂಡತಿ. ಕ್ರಿ.ಪೂ. 54ರಲ್ಲಿ ಅವಳು ತೀರಿಕೊಂಡಳು. ಕ್ರಿ.ಪೂ. 49ರ ಜನವರಿಯಲ್ಲಿ ಸೆನೆಟ್ ಸೀಸರನಿಗೆ ಸೈನ್ಯ ಬಿಡು ಎಂದಾಗ ಪಾಂಪೆ ಸೆನೆಟ್ ಕಡೆ ನಿಂತಿದ್ದ. ಸೀಸರನ ಹತ್ತಿರ ಆಗ ಇದ್ದದ್ದು ಒಂದೇ ಲೀಜನ್ (ರೋಮಿನ ಸೇನಾದಳ), ಉಳಿದದ್ದು ಆಲ್ಪ್ಸ್ ಆಚೆ. ಆದರೂ ಅವನು ಕಾಯಲಿಲ್ಲ, ಗಡಿಯಲ್ಲಿದ್ದ ರೂಬಿಕಾನ್ ನದಿ ದಾಟಿ ಮೊದಲು ಹಿಡಿದದ್ದೇ ಅರಿಮಿನಮ್. ನಾನು ಮಾತ್ರ ಇದ್ದ ಅರಿಮಿನಮ್ಮನ್ನೇ ಕಳೆದುಕೊಂಡೆ.

ಆದ್ದರಿಂದ ನನ್ನ ಮಾತು ಕೇಳಿ. ಸೆನೆಟ್‌ನ ಒಲವು ಇಳಿಯಲು ಶುರುವಾದ ಕೂಡಲೇ ಒಳ್ಳೆಯ ಎರಡು ಸೈನ್ಯ ಅರೇಟಿಯಮ್‌ಗೆ ತನ್ನಿ. ರೋಮ್, ಕಾಪುವಾ, ಟರೆಂಟಮ್ ಮೂರಕ್ಕೂ ಗೂಢಚಾರರನ್ನು ಮೊದಲೇ ಕಳಿಸಿ. ಉಡುಗೊರೆಗೆ ಕೊಡುವ ದುಡ್ಡನ್ನು ಬೊಕ್ಕಸದಲ್ಲಿ ಕೂಡಿಡಿ, ವ್ಯಾಪಾರ ನಿಂತಾಗ ಅದೇ ಸಂಬಳ ಕೊಡುತ್ತದೆ. ಸೆನೆಟ್ ಕೈಯಲ್ಲಿ ಇರುವುದು ರೋಮ್ ಒಂದೇ, ಅದನ್ನು ಗೆದ್ದರೆ ಮೂವರಲ್ಲಿ ಒಬ್ಬರು ಕಮ್ಮಿ. ಆಟ ಗೆಲ್ಲಲು ಬೇಕಾದ 50 ಪ್ರಾಂತ್ಯಗಳಲ್ಲಿ ರೋಮ್ ಇರಲೇಬೇಕು, ಆದ್ದರಿಂದ ಈ ಜಗಳ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಆ ಓಲೆ ಬಂದ ರಾತ್ರಿ ಉತ್ತರ ಒತ್ತುವ ಮುಂಚೆ ನಿಮ್ಮ ಸೈನ್ಯಗಳು ಎಲ್ಲಿವೆ ಎಂದು ನೆನಪು ಮಾಡಿಕೊಳ್ಳಿ. ಅವು ಆಲ್ಪ್ಸ್ ಆಚೆ ಇದ್ದರೆ ಹಿರಿಯನನ್ನು ಕಳೆದುಕೊಳ್ಳುವುದೇ ವಾಸಿ.