ಮೂರು ಹಾಳೆ, ಒಂದು ಪುಟ್ಟ ಪುಸ್ತಕ: ಫಿಲಡೆಲ್ಫಿಯಾದಲ್ಲಿ ಕೊಂಡ ಸಂವಿಧಾನದ ಸೆಟ್

ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ನೋಡಲು ಹೋದವರು ಬರಿಗೈಯಲ್ಲಿ ವಾಪಸ್ ಬರುವುದು ಕಷ್ಟ. ನೆನಪಿನ ವಸ್ತು ಮಾರುವ ಅಂಗಡಿಗೆ ಕಾಲಿಟ್ಟರೆ ಸಾಕು, ಒಂದು ರಟ್ಟಿನ ಕೊಳವೆ ಕಣ್ಣಿಗೆ ಬೀಳುತ್ತದೆ. ಅದರೊಳಗೆ ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಬಿಲ್ ಆಫ್ ರೈಟ್ಸ್ (ಜನರ ಹಕ್ಕುಗಳನ್ನು ಹೇಳುವ ಮೊದಲ ತಿದ್ದುಪಡಿಗಳು), ಈ ಮೂರರ ನಕಲು ಸುತ್ತಿ ಇಟ್ಟಿರುತ್ತಾರೆ, ಜೊತೆಗೆ ಜೇಬಿನಲ್ಲಿ ಹಿಡಿಸುವ ಒಂದು ಪುಟ್ಟ ಪುಸ್ತಕ. ನಾನು ಕೊಟ್ಟದ್ದು 18 ಡಾಲರ್, ಮೇಲೆ ಅಲ್ಲಿನ 8% ಸೇಲ್ಸ್ ಟ್ಯಾಕ್ಸ್. ಅಂಗಡಿಯ ಹೆಸರು ಹಾಕುವುದಿಲ್ಲ, ಇಂಥ ಸೆಟ್ ಬೇಕಾದಷ್ಟು ಕಡೆ ಸಿಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಪುಸ್ತಕಕ್ಕೆ 5ಕ್ಕೆ 5, ಹಾಳೆಗಳಿಗೆ 5ಕ್ಕೆ 2.

ಕಾಗದದ ವಿಷಯ ಬೇಗ ಮುಗಿಸೋಣ. ಹಳೆಯದರ ಹಾಗೆ ಕಾಣಲಿ ಅಂತ ಕಂದು ಬಣ್ಣ ಹಚ್ಚಿ, ಸುಕ್ಕು ಮಾಡಿ, ಅಂಚು ಸುಟ್ಟ ಹಾಗೆ ತೋರಿಸಿದ್ದಾರೆ. ಚಹಾದಲ್ಲಿ ಅದ್ದಿ ಒಣಗಿಸಿದ ಹಾಗಿದೆ. ಮೂಲ ದಾಖಲೆಗಳು ಕಾಗದವೇ ಅಲ್ಲ, ಹದ ಮಾಡಿದ ಪ್ರಾಣಿಯ ಚರ್ಮ. ಅವುಗಳ ಅಂಚು ಯಾರೂ ಸುಟ್ಟಿಲ್ಲ. ಕೊಳವೆಯಿಂದ ತೆಗೆದರೆ ಹಾಳೆ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ, ಮೇಲೆ ಭಾರ ಇಟ್ಟು ದಿನಗಟ್ಟಲೆ ಬಿಡಬೇಕು. ಸುಕ್ಕು ಬಿದ್ದ ಕಡೆ ಅಕ್ಷರ ಒಡೆದಿದೆ. ಗೋಡೆಗೆ ಹಾಕಲು ಪರವಾಗಿಲ್ಲ, ಓದಲು ಆಗುವುದಿಲ್ಲ.

ಮೂರರಲ್ಲಿ ಸ್ವಾತಂತ್ರ್ಯ ಘೋಷಣೆಯ ಹಾಳೆ ಚೆನ್ನಾಗಿದೆ. ತಮಾಷೆ ಏನಂದರೆ, ಇದು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಮೂಲಕ್ಕಿಂತ ಸ್ಪಷ್ಟವಾಗಿದೆ! ಮೂಲವನ್ನು 1841ರಿಂದ 1876ರವರೆಗೆ ಪೇಟೆಂಟ್ ಆಫೀಸ್ ಕಟ್ಟಡದಲ್ಲಿ ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ತೂಗು ಹಾಕಿದ್ದರು. ಶಾಯಿ ಮಾಸಿ ಹೋಯಿತು. ಈಗ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆ, ಮಂದ ಬೆಳಕು, ಎಲ್ಲ ವ್ಯವಸ್ಥೆಯೂ ಇದೆ, ಆದರೆ ಹೋದ ಅಕ್ಷರ ಹೋಯಿತು ಅಲ್ವಾ. ನಾವು ಎಲ್ಲೆಲ್ಲೂ ನೋಡುವ ಗರಿಗರಿ ಅಕ್ಷರದ ಚಿತ್ರ ವಿಲಿಯಂ ಸ್ಟೋನ್ ಎಂಬಾತ ತಾಮ್ರದ ತಗಡಿನಲ್ಲಿ ಕೊರೆದು 1823ರಲ್ಲಿ ಮುಗಿಸಿದ ಅಚ್ಚಿನಿಂದ ಬಂದದ್ದು. ನನ್ನ ಸೆಟ್‌ನ ಹಾಳೆಯೂ ಅದೇ. ಹಾಗಾಗಿ 56 ಸಹಿಗಳೂ ಕಾಣುತ್ತವೆ. ಘೋಷಣೆ ಒಪ್ಪಿದ ಸಭೆಯ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್‌ನ ಸಹಿ ಎಂದಿನಂತೆ ಎಲ್ಲರದ್ದಕ್ಕಿಂತ ದೊಡ್ಡದು. ಜೊತೆಗಿಟ್ಟ ಚೀಟಿಯಲ್ಲಿ ಮಾತ್ರ 'ಜುಲೈ 4ರಂದು ಎಲ್ಲರೂ ಸಹಿ ಹಾಕಿದರು' ಅಂತ ಬರೆದಿದ್ದಾರೆ. ಜುಲೈ 4ಕ್ಕೆ ಒಪ್ಪಿಗೆ ಸಿಕ್ಕಿದ್ದು. ಚರ್ಮದ ಮೇಲೆ ಬರೆಸಿದ ಪ್ರತಿಗೆ ಹೆಚ್ಚಿನವರು ಸಹಿ ಹಾಕಿದ್ದು 1776ರ ಆಗಸ್ಟ್ 2ಕ್ಕೆ. ಕಾಸು ತಗೊಂಡು ಮಾರುವವರು ಇಷ್ಟು ನೋಡಿಕೊಳ್ಳಬಾರದಾ?

ನಿಜವಾದ ಮಜಾ ಇರುವುದು ಈ ಘೋಷಣೆಯನ್ನು ಸಂವಿಧಾನದ ಪಕ್ಕದಲ್ಲಿಟ್ಟು ಓದುವುದರಲ್ಲಿ. ಎಲ್ಲ ಮನುಷ್ಯರೂ ಸಮಾನರು ಅನ್ನುವ ಸಾಲು ಎಲ್ಲರಿಗೂ ಗೊತ್ತು. ಆದರೆ ಹಾಳೆಯ ಬಹುಪಾಲು ದೂರುಗಳ ಪಟ್ಟಿ, ಬ್ರಿಟನ್ನಿನ ರಾಜನ ಮೇಲೆ ಒಂದರ ಹಿಂದೆ ಒಂದು. ಜಡ್ಜ್‌ಗಳ ಕೆಲಸ, ಸಂಬಳ ಎರಡನ್ನೂ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡ ಅಂತ ಒಂದು ದೂರು. ಸಂವಿಧಾನದ ಮೂರನೇ ವಿಧಿ ತೆಗೆದು ನೋಡಿ, ಸರಿಯಾಗಿ ನಡೆದುಕೊಳ್ಳುವವರೆಗೆ ಫೆಡರಲ್ ಜಡ್ಜ್ ಕುರ್ಚಿಯಲ್ಲಿರುತ್ತಾನೆ, ಇರುವಷ್ಟು ಕಾಲ ಅವನ ಸಂಬಳ ಕಡಿಮೆ ಮಾಡುವಂತಿಲ್ಲ. ಜನರ ಪ್ರತಿನಿಧಿ ಸಭೆಗಳನ್ನು ರಾಜ ಮತ್ತೆ ಮತ್ತೆ ವಿಸರ್ಜಿಸಿದ ಅಂತ ಇನ್ನೊಂದು ದೂರು. ಅಮೆರಿಕದ ಅಧ್ಯಕ್ಷನಿಗೆ ಕಾಂಗ್ರೆಸ್ಸನ್ನು, ಅಂದರೆ ಅಲ್ಲಿನ ಸಂಸತ್ತನ್ನು, ವಿಸರ್ಜಿಸುವ ಅಧಿಕಾರವೇ ಇಲ್ಲ, ಅದು ವರ್ಷಕ್ಕೆ ಒಮ್ಮೆಯಾದರೂ ಸೇರಲೇಬೇಕು. ಶಾಂತಿಯ ಕಾಲದಲ್ಲೂ ನಮ್ಮನ್ನು ಕೇಳದೆ ಸೈನ್ಯ ತಂದು ಕೂರಿಸಿದ ಅನ್ನುವುದಕ್ಕೆ ಉತ್ತರ ಮೊದಲನೇ ವಿಧಿಯಲ್ಲಿದೆ: ಸೈನ್ಯಕ್ಕೆ ದುಡ್ಡು ಕೊಡುವುದು ಕಾಂಗ್ರೆಸ್, ಅದೂ ಒಂದು ಸಲಕ್ಕೆ ಎರಡು ವರ್ಷ ಮೀರದಂತೆ. ಸೈನಿಕರನ್ನು ಜನರ ನಡುವೆ ತಂದು ಇಳಿಸಿದ್ದಕ್ಕೆ ಮೂರನೇ ತಿದ್ದುಪಡಿ, ಜ್ಯೂರಿ ವಿಚಾರಣೆ ಕಿತ್ತುಕೊಂಡದ್ದಕ್ಕೆ ಆರು ಮತ್ತು ಏಳನೇ ತಿದ್ದುಪಡಿ. ದೂರಿಗೂ ಪರಿಹಾರಕ್ಕೂ ನಡುವೆ ಹನ್ನೊಂದು ವರ್ಷ, ತಿದ್ದುಪಡಿಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಘೋಷಣೆ ಒಪ್ಪಿದ್ದು, ಸಂವಿಧಾನ ಬರೆದದ್ದು ಎರಡೂ ಅದೇ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ. ಈ ಜೋಡಿ ಹಿಡಿದು ಓದುತ್ತಾ ಹೋದರೆ ಸಂವಿಧಾನದ ಒಣ ಒಣ ಸಾಲುಗಳಿಗೆಲ್ಲ ಹಿಂದೆ ಯಾರದ್ದೋ ಸಿಟ್ಟು ಇದೆ ಅನ್ನುವುದು ಕಾಣುತ್ತದೆ.

ಈ ಸೆಟ್ ಕೈಕೊಡುವುದೂ ಇಲ್ಲೇ. ಸಂವಿಧಾನದ ಮೂಲದಲ್ಲಿ ನಾಲ್ಕು ಪುಟ. ಕೊಳವೆಯಲ್ಲಿ ಇರುವುದು ಒಂದೇ! 'ವಿ ದ ಪೀಪಲ್' (ಜನರಾದ ನಾವು) ಅಂತ ದಪ್ಪಕ್ಷರದಲ್ಲಿ ಶುರುವಾಗುವ ಮೊದಲ ಪುಟ, ಅಷ್ಟೇ. ಕೊಳವೆಯ ಮೇಲೆ 'ಸಂವಿಧಾನ' ಅಂತಲೇ ಬರೆದಿದೆ, ಒಂದು ಪುಟ ಮಾತ್ರ ಅನ್ನುವ ಸುಳಿವೂ ಇಲ್ಲ. ಆ ಪುಟದಲ್ಲಿ ಪೀಠಿಕೆ ಇದೆ, ಕಾಂಗ್ರೆಸ್ ಬಗ್ಗೆ ಹೇಳುವ ಮೊದಲನೇ ವಿಧಿಯ ಒಂದು ಭಾಗ ಇದೆ. ಅಧ್ಯಕ್ಷ ಇಲ್ಲ, ಕೋರ್ಟ್ ಇಲ್ಲ, ತಿದ್ದುಪಡಿ ಮಾಡುವುದು ಹೇಗೆ ಅನ್ನುವ ಐದನೇ ವಿಧಿ ಇಲ್ಲ. ಜಾರ್ಜ್ ವಾಷಿಂಗ್ಟನ್ ಸೇರಿ 39 ಜನರ ಸಹಿ ಇರುವ ನಾಲ್ಕನೇ ಪುಟವೂ ಇಲ್ಲ. ನನಗೆ ಜಾಸ್ತಿ ಬೇಸರ ಆ ಪುಟದ ಬಗ್ಗೆ. ಇಡೀ ಸಂವಿಧಾನವನ್ನು ಕೈಯಲ್ಲಿ ಬರೆದುಕೊಟ್ಟವನು ಜೇಕಬ್ ಶಾಲಸ್ ಎಂಬ ಗುಮಾಸ್ತ, ಕೂಲಿ 30 ಡಾಲರ್. ಸಾಲುಗಳ ನಡುವೆ ಯಾವ್ಯಾವ ಪದ ಆಮೇಲೆ ತುರುಕಿದ್ದು ಅಂತ ಅವನೇ ಕೊನೆಯಲ್ಲಿ ಪಟ್ಟಿ ಮಾಡಿದ್ದಾನೆ. ಸಹಿಗಳ ಪಕ್ಕದಲ್ಲಿ ಪೆನ್ಸಿಲ್ವೇನಿಯಾದ ಹೆಸರಿಗೆ ಒಂದು 'ಎನ್' ಕಡಿಮೆ ಇದೆ. ಪೆನ್ಸಿಲ್ವೇನಿಯಾದಲ್ಲೇ ಮಾರುವ ಸೆಟ್‌ನಲ್ಲಿ ಆ ಪುಟ ಇಲ್ಲ ಅಂದರೆ ಏನು ಹೇಳುವುದು.

ಕೌಂಟರ್‌ನಲ್ಲಿದ್ದ ಮಹಿಳೆಯನ್ನು ಕೇಳಿದೆ. ಒಳ್ಳೆಯ ಹೆಂಗಸು, ನಗುತ್ತಲೇ ಹೇಳಿದರು, ಎಲ್ಲರಿಗೂ ಫ್ರೇಮ್ ಹಾಕಲು ಬೇಕಾಗಿರುವುದು ಆ ಮೊದಲ ಪುಟವೇ, ಉಳಿದ ಮೂರನ್ನು ಯಾರೂ ಕೇಳುವುದಿಲ್ಲ ಅಂತ. ಕೊಳವೆ ಒಡೆದ ಮೇಲೆ ವಾಪಸ್ ತಗೊಳ್ಳುವುದಿಲ್ಲ ಅನ್ನುವುದನ್ನೂ ಅಷ್ಟೇ ನಗುತ್ತಾ ಹೇಳಿದರು.

ಹಾಗಂತ ಆ ಮೊದಲ ಪುಟವನ್ನು ಸುಮ್ನೆ ನೇತುಹಾಕುವವರು ಅದರ ಕೆಳಗಿನ ಸಾಲುಗಳನ್ನೂ ಓದಲಿ. ಚೆಂದದ ದಪ್ಪಕ್ಷರದ ಕೆಳಗೆ, ಅದೇ ಪುಟದಲ್ಲಿ, ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ 'ಇತರ ವ್ಯಕ್ತಿಗಳ' ಐದನೇ ಮೂರು ಭಾಗ ಸೇರಿಸಬೇಕು ಅಂತ ಬರೆದಿದೆ. ಆ ಇತರರು ಗುಲಾಮರು. ಆ ಪದ ಬರೆಯದೆ ದಾಟಿಸಿದ್ದಾರೆ. ಲೆಕ್ಕಕ್ಕೆ ಸೇರಿದರು, ಮತದಾನಕ್ಕೆ ಸೇರಲಿಲ್ಲ, ಲಾಭ ಆದದ್ದು ಅವರ ಒಡೆಯರಿದ್ದ ರಾಜ್ಯಗಳಿಗೆ. ಚೀಟಿಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಅದರಲ್ಲಿ ಗುಲಾಮರ ವ್ಯಾಪಾರವನ್ನು ಬೈದು ಬರೆದಿದ್ದನ್ನು ಆಗಿನ ಕಾಂಗ್ರೆಸ್ ಹೊಡೆದು ಹಾಕಿತ್ತು, ಅದರ ಮಾತೂ ಇಲ್ಲ. ಜೆಫರ್ಸನ್ ತಾನೇ ನೂರಾರು ಗುಲಾಮರ ಒಡೆಯ ಅನ್ನುವುದನ್ನು ನೆನಪಿಟ್ಟುಕೊಂಡೇ ಈ ಸಾಲು ಓದಬೇಕು.

ಮೂರನೇ ಹಾಳೆ ಬಿಲ್ ಆಫ್ ರೈಟ್ಸ್. ಎಣಿಸಿದರೆ ಹತ್ತಲ್ಲ, ಹನ್ನೆರಡು. ಇದನ್ನು ಪ್ರಿಂಟ್ ತಪ್ಪು ಅಂತ ಜಗಳಕ್ಕೆ ಬರುವ ಗಿರಾಕಿಗಳೂ ಇದ್ದಾರಂತೆ! ತಪ್ಪಲ್ಲ. 1789ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ರಾಜ್ಯಗಳಿಗೆ ಕಳಿಸಿದ್ದೇ ಹನ್ನೆರಡು. ಮೊದಲ ಎರಡಕ್ಕೆ ಆಗ ಸಾಕಷ್ಟು ಒಪ್ಪಿಗೆ ಸಿಗಲಿಲ್ಲ, ಉಳಿದ ಹತ್ತು 1791ರ ಡಿಸೆಂಬರ್ 15ಕ್ಕೆ ಪಾಸಾದವು. ಹಾಗಾಗಿ ಮಾತು, ಪತ್ರಿಕೆ, ಧರ್ಮದ ಸ್ವಾತಂತ್ರ್ಯ ಹೇಳುವ ಮೊದಲನೇ ತಿದ್ದುಪಡಿ ಈ ಹಾಳೆಯಲ್ಲಿ ಮೂರನೆಯದು. ಬಿದ್ದುಹೋದ ಎರಡರಲ್ಲಿ ಒಂದು, ಕಾಂಗ್ರೆಸ್ ಸದಸ್ಯರು ಸಂಬಳ ಬದಲಾಯಿಸಿಕೊಂಡರೆ ಮುಂದಿನ ಚುನಾವಣೆ ಆಗುವವರೆಗೆ ಅದು ಜಾರಿಗೆ ಬರಬಾರದು ಅನ್ನುವುದು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ, ಇದಕ್ಕೆ ಗಡುವೇ ಇಲ್ಲ, ಈಗಲೂ ಪಾಸ್ ಮಾಡಬಹುದು ಅಂತ ಪ್ರಬಂಧ ಬರೆದ. ಸಿಕ್ಕಿದ್ದು 'ಸಿ' ಗ್ರೇಡ್. ಹುಡುಗ ಬಿಡಲಿಲ್ಲ, ರಾಜ್ಯ ರಾಜ್ಯಕ್ಕೂ ಪತ್ರ ಬರೆಯುತ್ತಾ ಹೋದ, 1992ರಲ್ಲಿ ಅದು 27ನೇ ತಿದ್ದುಪಡಿ ಆಯಿತು. ಇನ್ನೊಂದು ಇವತ್ತಿಗೂ ಹಾಗೇ ಬಾಕಿ ಬಿದ್ದಿದೆ. ಇಂಥ ಕಥೆ ಕೈಯಲ್ಲಿಟ್ಟುಕೊಂಡು ಚೀಟಿಯಲ್ಲಿ 'ಹತ್ತು ತಿದ್ದುಪಡಿಗಳು' ಅಂತ ಒಂದು ಸಾಲು ಗೀಚಿ ಮುಗಿಸಿದ್ದಾರೆ.

ಇನ್ನು ಪುಸ್ತಕ. ಅಂಗೈ ಅಗಲ ಇದೆ, ಬಿಳಿ ಕಾಗದ, ಅಲಂಕಾರ ಏನೂ ಇಲ್ಲ. ಸಂವಿಧಾನದ ಏಳು ವಿಧಿ, 27 ತಿದ್ದುಪಡಿ, ಸ್ವಾತಂತ್ರ್ಯ ಘೋಷಣೆ, ಎಲ್ಲ ಪೂರ್ತಿ ಇದೆ. ನನಗೆ ತುಂಬಾ ಹಿಡಿಸಿದ್ದು, ಈಗ ಜಾರಿಯಲ್ಲಿಲ್ಲದ ಸಾಲುಗಳನ್ನು ಓರೆ ಅಕ್ಷರದಲ್ಲಿ ಹಾಕಿ ಪಕ್ಕದಲ್ಲಿ ಯಾವ ತಿದ್ದುಪಡಿಯಿಂದ ಹೋಯಿತು ಅಂತ ಬರೆದಿದ್ದಾರೆ. ಇಲ್ಲಿ ಹಳೆಯ ಸಾಲನ್ನು ಅಳಿಸುವುದಿಲ್ಲ, ಹೊಸದನ್ನು ಕೊನೆಗೆ ಸೇರಿಸುತ್ತಾರೆ. ಐದನೇ ಮೂರು ಭಾಗದ ಸಾಲು ಅಲ್ಲೇ ಇದೆ, ಅದನ್ನು ತಳ್ಳಿಹಾಕಿದ 1868ರ 14ನೇ ತಿದ್ದುಪಡಿ ಹಿಂದೆ ಇದೆ. ಹೆಂಡ ಬೇಡ ಅಂದ 18ನೆಯದು, ಅದನ್ನು 1933ರಲ್ಲಿ ರದ್ದು ಮಾಡಿದ 21ನೆಯದು, ಎರಡೂ ಇವೆ. ಅಕ್ಷರ ಮಾತ್ರ ಸಣ್ಣದು, ಕನ್ನಡಕ ಬೇಕು.

ಪೌರತ್ವ ಪರೀಕ್ಷೆಗೆ ಓದುವವರು ಈ ಸೆಟ್ ಕೊಳ್ಳಬೇಕಾಗಿಲ್ಲ, ಪ್ರಶ್ನೆ ಉತ್ತರ ಎಲ್ಲ ವಲಸೆ ಇಲಾಖೆಯೇ ಪುಕ್ಕಟೆ ಕೊಡುತ್ತದೆ. ಗೋಡೆಗೆ ಹಾಕುವವರಿಗೂ ಒಂದು ಮಾತು: ನ್ಯಾಷನಲ್ ಆರ್ಕೈವ್ಸ್ ತನ್ನ ವೆಬ್‌ಸೈಟಿನಲ್ಲಿ ಸಂವಿಧಾನದ ನಾಲ್ಕೂ ಪುಟಗಳ ದೊಡ್ಡ ಚಿತ್ರಗಳನ್ನು ಉಚಿತವಾಗಿ ಇಟ್ಟಿದೆ. ಇಳಿಸಿಕೊಂಡು ಯಾವುದಾದರೂ ಪ್ರಿಂಟ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಹಾಕಿಸಿ. ಪುಸ್ತಕ ಬಿಡಿಯಾಗಿ ಸಿಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ನಾನು ಕೊಂಡ ಕಡೆ ಅದೇ ಪುಸ್ತಕ ಬಾಗಿಲ ಹತ್ತಿರದ ಬುಟ್ಟಿಯಲ್ಲಿ 3 ಡಾಲರಿಗೆ ಇತ್ತು.